ಸಿಪ್ಯಾಪ್ ಯಂತ್ರ: ಮೊದಲ ಮೂರು ವಾರ ದಾಟುವುದು ಹೇಗೆ?

ರಾತ್ರಿ ನಿದ್ರೆಯ ಪರೀಕ್ಷೆ ಮುಗಿದು, "ಸಿಪ್ಯಾಪ್ ಬಳಸಬೇಕು" ಎಂದು ಡಾಕ್ಟರು ಬರೆದುಕೊಟ್ಟ ಮೇಲೆ ರೋಗಿಗಳು ಮತ್ತು ಅವರ ಮನೆಯವರು ಯಂತ್ರದ ಬಳಕೆ ಕಲಿಯಲು ನಮ್ಮಲ್ಲಿಗೆ ಬರುತ್ತಾರೆ. ಚೀಟಿ ಕೈಯಲ್ಲಿ ಹಿಡಿದು ಕುಳಿತವರಿಗೆ ಎರಡು ಪ್ರಶ್ನೆಗಳಿರುತ್ತವೆ. ಒಂದು ಹಣದ್ದು. ಇನ್ನೊಂದು, "ಸಿಸ್ಟರ್, ಇದನ್ನ ಎಷ್ಟು ದಿವಸ ಹಚ್ಕೋಬೇಕ್ರಿ?" ಗುಳಿಗೆಯ ಕೋರ್ಸಿನಂತೆ ಹದಿನೈದು ದಿನಕ್ಕೆ ಮುಗಿಯುವುದಲ್ಲ ಎಂದಾಗ ಅನೇಕರು ಮಾತನಾಡದೆ ಚೀಟಿಯನ್ನೇ ನೋಡುತ್ತಾರೆ. ಚಷ್ಮಾ ಹಾಕಿಕೊಂಡಷ್ಟು ಹೊತ್ತು ಕಣ್ಣು ಸರಿಯಾಗಿ ಕಾಣುತ್ತದೆ, ತೆಗೆದರೆ ಮತ್ತೆ ಮಸುಕು. ಈ ಯಂತ್ರವೂ ಹಾಗೆಯೇ. ಹಚ್ಚಿಕೊಂಡಷ್ಟು ಹೊತ್ತು ಉಸಿರು ಸರಿಯಿರುತ್ತದೆ.

ಯಂತ್ರವನ್ನು ಬಿಟ್ಟುಬಿಡುವವರಲ್ಲಿ ಹೆಚ್ಚಿನವರು ಮೊದಲ ಎರಡು-ಮೂರು ವಾರಗಳಲ್ಲಿಯೇ ಬಿಡುವುದನ್ನು ನಾವು ನೋಡಿದ್ದೇವೆ. ಬಿಡಲು ಕಾರಣ ಕೇಳಿದರೆ ದೊಡ್ಡದೇನೂ ಇರುವುದಿಲ್ಲ. ಮಾಸ್ಕ್ ಅಳತೆ ಸರಿಯಿಲ್ಲ, ಮೂಗು ಒಣಗಿತು, ಕರೆಂಟು ಹೋಯಿತು, ನೆಂಟರು ಬಂದಿದ್ದರು. ಇವೆಲ್ಲಕ್ಕೂ ಪರಿಹಾರವಿದೆ. ಆದರೆ ತೊಂದರೆಯನ್ನು ಹೇಳಿಕೊಳ್ಳದೆ ಯಂತ್ರವನ್ನು ಅಟ್ಟದ ಮೇಲೆ ಇಟ್ಟರೆ ಪರಿಹಾರ ಹೇಳುವವರು ಯಾರು? ಆದ್ದರಿಂದ ಈ ಲೇಖನ.

ನಿದ್ರೆಯಲ್ಲಿ ಆಗುವುದೇನು?

ಎಚ್ಚರವಿದ್ದಾಗ ಗಂಟಲಿನ ಸ್ನಾಯುಗಳು ಬಿಗಿಯಾಗಿದ್ದು ಉಸಿರಿನ ದಾರಿಯನ್ನು ತೆರೆದಿಡುತ್ತವೆ. ನಿದ್ರೆ ಹತ್ತಿದಾಗ ಅವು ಸಡಿಲವಾಗುತ್ತವೆ. ಇದು ಎಲ್ಲರಿಗೂ ಆಗುವುದೇ. ಆದರೆ ಕುತ್ತಿಗೆಯ ಸುತ್ತ ಕೊಬ್ಬು ಬೆಳೆದವರಿಗೆ, ಕೆಳದವಡೆ ಸಣ್ಣದಿದ್ದವರಿಗೆ, ಟಾನ್ಸಿಲ್ ದೊಡ್ಡದಿದ್ದವರಿಗೆ ನಾಲಿಗೆಯ ಬುಡ ಮತ್ತು ಮೆತ್ತನೆಯ ಅಂಗುಳ ಹಿಂದಕ್ಕೆ ಜರಿದು ದಾರಿ ಕಿರಿದಾಗುತ್ತದೆ. ಆ ಕಿರಿದಾದ ದಾರಿಯಲ್ಲಿ ಗಾಳಿ ನುಗ್ಗುವಾಗ ಬರುವ ಸಪ್ಪಳವೇ ಗೊರಕೆ. ದಾರಿ ಪೂರ್ತಿ ಮುಚ್ಚಿದಾಗ ಗೊರಕೆಯೂ ನಿಲ್ಲುತ್ತದೆ, ಉಸಿರೂ ನಿಲ್ಲುತ್ತದೆ. ಎದೆ ಮತ್ತು ಹೊಟ್ಟೆ ಏಳುತ್ತ ಬೀಳುತ್ತ ಇರುತ್ತವೆ, ಗಾಳಿ ಮಾತ್ರ ಒಳಗೆ ಹೋಗುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಇಳಿದಾಗ ಮೆದುಳು ಕ್ಷಣಹೊತ್ತು ಎಚ್ಚರಿಸುತ್ತದೆ. ದೊಡ್ಡದೊಂದು ಗೊರಕೆಯೊಡನೆ ಉಸಿರು ಮರಳುತ್ತದೆ. ರೋಗಿಗೆ ಇದಾವುದೂ ನೆನಪಿರುವುದಿಲ್ಲ. ನೆನಪಿರುವುದು ಪಕ್ಕದಲ್ಲಿ ಮಲಗಿದವರಿಗೆ.

ಇದನ್ನು ಡಾಕ್ಟರು ಸ್ಲೀಪ್ ಆಪ್ನಿಯಾ ಎನ್ನುತ್ತಾರೆ. ಉಸಿರು ಹತ್ತು ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹೊತ್ತು ನಿಂತರೆ ಲೆಕ್ಕಕ್ಕೆ ಹಿಡಿಯುತ್ತಾರೆ. ಪೂರ್ತಿ ನಿಂತದ್ದು, ಬಹಳ ಕಡಿಮೆಯಾದದ್ದು ಎರಡನ್ನೂ ಕೂಡಿಸಿ ಗಂಟೆಗೆ ಎಷ್ಟು ಸಲ ಎಂದು ನಿಮ್ಮ ವರದಿಯಲ್ಲಿ ಬರೆದಿರುತ್ತಾರೆ. 5 ರಿಂದ 15 ಇದ್ದರೆ ಸೌಮ್ಯ, 15 ರಿಂದ 30 ಇದ್ದರೆ ಮಧ್ಯಮ, 30ಕ್ಕಿಂತ ಹೆಚ್ಚಿದ್ದರೆ ತೀವ್ರ. ಗಂಟೆಗೆ 40 ಎಂದು ಬಂದಿದ್ದರೆ, ನೀವು ಮಲಗಿದಷ್ಟು ಹೊತ್ತೂ ಸುಮಾರು ಒಂದೂವರೆ ನಿಮಿಷಕ್ಕೊಮ್ಮೆ ಉಸಿರಿಗೆ ತಡೆ ಬಿದ್ದಿದೆ ಎಂದು ಅರ್ಥ. ಎಂಟು ತಾಸು ಮಲಗಿಯೂ ಬೆಳಿಗ್ಗೆ ತಲೆ ಭಾರ, ಹಗಲು ತೂಕಡಿಕೆ, ಸಿಟ್ಟು, ಮರೆವು, ಎಷ್ಟು ಗುಳಿಗೆ ನುಂಗಿದರೂ ಇಳಿಯದ ರಕ್ತದೊತ್ತಡ ಇರುವುದಕ್ಕೆ ಇದೂ ಒಂದು ಕಾರಣ. ರಾತ್ರಿ ಮೂರು-ನಾಲ್ಕು ಸಲ ಮೂತ್ರಕ್ಕೆ ಏಳುವವರು ಸಕ್ಕರೆ ಕಾಯಿಲೆಯೋ ಪ್ರಾಸ್ಟೇಟ್ ತೊಂದರೆಯೋ ಎಂದು ಪರೀಕ್ಷೆ ಮಾಡಿಸಿಕೊಂಡು ಬರುತ್ತಾರೆ. ಉಸಿರು ಕಟ್ಟಿದಾಗ ಹೃದಯದ ಮೇಲೆ ಬೀಳುವ ಎಳೆತದಿಂದಲೂ ಮೂತ್ರ ಹೆಚ್ಚಾಗುತ್ತದೆಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಯಂತ್ರ ಹಚ್ಚಿದ ಮೇಲೆ ಹಲವರು ಮೊದಲು ಹೇಳುವ ಸುದ್ದಿಯೂ ಇದೇ: "ರಾತ್ರಿ ಏಳೂದು ನಿಂತತ್ರಿ."

ಯಂತ್ರ ಏನು ಮಾಡುತ್ತದೆ?

ಹೊಲಕ್ಕೆ ನೀರು ಹಾಯಿಸಲು ಸುತ್ತಿಡುವ ಚಪ್ಪಟೆ ಪೈಪನ್ನು ನೋಡಿದ್ದೀರಿ. ಪಂಪು ನಿಂತಾಗ ಅದು ನೆಲಕ್ಕೆ ಅಂಟಿಕೊಂಡು ಬಿದ್ದಿರುತ್ತದೆ. ಪಂಪು ಶುರುವಾದೊಡನೆ ಒಳಗಿನ ನೀರಿನ ಒತ್ತಡಕ್ಕೆ ದುಂಡಗಾಗುತ್ತದೆ. ಸಿಪ್ಯಾಪ್ ಕೆಲಸ ಇಷ್ಟೇ. ಕೋಣೆಯ ಗಾಳಿಯನ್ನು ಸೋಸಿ, ನವಿರಾದ ಒತ್ತಡದಲ್ಲಿ ಮೂಗಿನ ಮೂಲಕ ಕಳಿಸಿ, ಗಂಟಲಿನ ದಾರಿ ಅಂಟಿಕೊಳ್ಳದಂತೆ ದುಂಡಗೆ ಹಿಡಿದಿಡುತ್ತದೆ. ಉಸಿರಾಡುವವರು ನೀವೇ, ಯಂತ್ರವಲ್ಲ.

"ಒತ್ತಡದಿಂದ ಪುಪ್ಪುಸ ಒಡೆದೀತೇ?" ಎಂದು ಕೇಳುವವರಿದ್ದಾರೆ. ಒತ್ತಡವನ್ನು ನೀರಿನ ಎತ್ತರದಲ್ಲಿ ಅಳೆಯುತ್ತಾರೆ. ಸಾಮಾನ್ಯವಾಗಿ ಈ ಯಂತ್ರಗಳು 4 ರಿಂದ 20 ಸೆಂಟಿಮೀಟರ್ ನೀರಿನ ಒತ್ತಡ ಕೊಡುತ್ತವೆ. ನಿಮ್ಮ ಚೀಟಿಯಲ್ಲಿ 10 ಎಂದು ಇದ್ದರೆ ಅರ್ಧ ಗೇಣು ನೀರನ್ನು ಎತ್ತಿ ಹಿಡಿಯುವಷ್ಟು ಶಕ್ತಿ. ಸೈಕಲ್ ಗಾಲಿಯಲ್ಲಿ ಇದರ ನೂರಾರು ಪಟ್ಟು ಇರುತ್ತದೆ.

ಇದು ಆಕ್ಸಿಜನ್ ಯಂತ್ರವಲ್ಲ, ವೆಂಟಿಲೇಟರ್ ಕೂಡ ಅಲ್ಲ. ಈ ಮಾತನ್ನು ಒತ್ತಿ ಹೇಳಬೇಕಾಗಿದೆ. 2020 ಮತ್ತು 2021ರ ಕೋವಿಡ್ ದಿನಗಳಲ್ಲಿ ಎಷ್ಟೋ ಮನೆಗಳವರು ತಮ್ಮವರನ್ನು ಮುಖಕ್ಕೆ ಮಾಸ್ಕ್ ಬಿಗಿದ ಸ್ಥಿತಿಯಲ್ಲಿ ಕೊನೆಯ ಸಲ ನೋಡಿದ್ದಾರೆ. ಆ ನೆನಪು ಇನ್ನೂ ಹೋಗಿಲ್ಲ. ಮಾಸ್ಕನ್ನು ಪೆಟ್ಟಿಗೆಯಿಂದ ತೆಗೆದೊಡನೆ ಒಬ್ಬ ತಾಯಿ ಎದ್ದು ಹೊರಗೆ ಹೋದದ್ದನ್ನು ನಾನು ಕಂಡಿದ್ದೇನೆ. ಅಂಥ ಭಯವಿದ್ದವರು ದಯವಿಟ್ಟು ಬಾಯಿಬಿಟ್ಟು ಹೇಳಿ. ಸಿಪ್ಯಾಪ್ ಕೊನೆಯ ಹಂತದ ಚಿಕಿತ್ಸೆಯಲ್ಲ. ರಾತ್ರಿ ಇದನ್ನು ಹಚ್ಚಿಕೊಂಡು ಮಲಗಿ ಬೆಳಿಗ್ಗೆ ಹೊಲಕ್ಕೆ, ಅಂಗಡಿಗೆ, ಶಾಲೆಗೆ ಹೋಗುವವರು ಬಳಸುವ ಯಂತ್ರ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಡಾ. ಕಾಲಿನ್ ಸಲ್ಲಿವನ್ ಮತ್ತು ಅವರ ಸಹೋದ್ಯೋಗಿಗಳು ಇದನ್ನು ಐದು ಮಂದಿ ರೋಗಿಗಳ ಮೇಲೆ ಬಳಸಿ 1981ರಲ್ಲಿ ಪ್ರಕಟಿಸಿದರು. ಆಗಿನ ಯಂತ್ರಕ್ಕೆ ವ್ಯಾಕ್ಯೂಮ್ ಕ್ಲೀನರಿನ ಮೋಟರು ಹಾಕಿದ್ದರಂತೆ, ಸಪ್ಪಳವೂ ಹಾಗೆಯೇ ಇದ್ದಿರಬೇಕು. ಇಂದಿನ ಯಂತ್ರದ ಸಪ್ಪಳ ಫ್ಯಾನಿಗಿಂತ ಕಡಿಮೆ.

ನಾನು ಮಾಡಿದ ತಪ್ಪು

ಈ ಕೆಲಸಕ್ಕೆ ಬಂದ ಹೊಸತರಲ್ಲಿ ಕಿರಾಣಿ ಅಂಗಡಿಯ ಯಜಮಾನರೊಬ್ಬರು ಬಂದಿದ್ದರು. ವಯಸ್ಸು ಐವತ್ತು ದಾಟಿತ್ತು. ತಕ್ಕಡಿಯ ಮುಂದೆ ಕುಳಿತೇ ತೂಕಡಿಸುತ್ತಿದ್ದರು. ಗಿರಾಕಿಗಳು ಎಬ್ಬಿಸಿ ಹಣ ಕೊಡುತ್ತಿದ್ದರೆಂದು ಅವರ ಮನೆಯವರು ನಗುತ್ತ ಹೇಳಿದರು. ಅಂದು ಹೊರಗೆ ಬಹಳ ಜನರಿದ್ದರು. ನಾನು ಅವರನ್ನು ಕುರ್ಚಿಯಲ್ಲಿ ಕೂರಿಸಿ, ಮಾಸ್ಕ್ ಕಟ್ಟಿ, ಗುಂಡಿ ತೋರಿಸಿ, "ಎರಡು ದಿನದಲ್ಲಿ ರೂಢಿ ಆಗ್ತದ" ಎಂದು ಹತ್ತು ನಿಮಿಷದಲ್ಲಿ ಕಳಿಸಿದೆ. ಅವರು ಎಲ್ಲದಕ್ಕೂ ತಲೆಯಾಡಿಸಿದರು.

ಮೂರು ತಿಂಗಳ ಮೇಲೆ ಅವರು ಕೈಗೆ ಜೋಳಿಗೆ ಹಾಕಿಕೊಂಡು ಬಂದರು. ಪೇಟೆಯಿಂದ ಸ್ಕೂಟರಿನಲ್ಲಿ ಬರುವಾಗ ಕಣ್ಣು ಹತ್ತಿ ರಸ್ತೆ ಬದಿಯ ತಗ್ಗಿಗೆ ಬಿದ್ದು ಹೆಗಲೆಲುಬು ಮುರಿದಿತ್ತು. ಯಂತ್ರದಲ್ಲಿ ಎಷ್ಟು ದಿನ, ಎಷ್ಟು ತಾಸು ಬಳಸಿದ್ದೀರೆಂಬ ಲೆಕ್ಕ ಇರುತ್ತದೆ. ತೆಗೆದು ನೋಡಿದರೆ ಹನ್ನೊಂದೇ ರಾತ್ರಿ. "ಸಿಸ್ಟರ್, ನೀವು ಹೇಳಿದ್ದೆಲ್ಲಾ ಖರೆ ಐತ್ರಿ. ಆದ್ರ ಮಲಗಿದ ಕೂಡ್ಲೇ ಗಾಳಿ ಕಣ್ಣಾಗ ಹೊಡೀತೈತಿ. ನಿಮಗ ಹೇಳಾಕ ಸಂಕೋಚ ಆತು" ಎಂದರು. ಮಂಚದ ಮೇಲೆ ಮಲಗಿಸಿ ಮಾಸ್ಕ್ ಹಾಕಿ ನೋಡಿದೆ. ಒಂದು ಅಳತೆ ದೊಡ್ಡದು. ಕುಳಿತಾಗ ಸರಿಯಾಗಿ ಕೂರುತ್ತಿದ್ದ ಮಾಸ್ಕ್ ಮಲಗಿದಾಗ ಕೆನ್ನೆ ಜಾರಿದಂತೆ ಸಡಿಲಾಗುತ್ತಿತ್ತು. ಅಳತೆ ಬದಲಿಸಿದ್ದಕ್ಕೆ ಹಿಡಿದದ್ದು ಐದು ನಿಮಿಷ. ಮೊದಲ ದಿನವೇ ಮಲಗಿಸಿ ನೋಡಿದ್ದರೆ ಆ ಎಲುಬು ಮುರಿಯುತ್ತಿರಲಿಲ್ಲವೇನೋ ಎಂದು ನನಗೆ ಇಂದಿಗೂ ಅನಿಸುತ್ತದೆ.

ಅಂದಿನಿಂದ ಯಾರಿಗೇ ಆಗಲಿ, ಮಲಗಿಸಿ ಗಾಳಿ ಬಿಟ್ಟು ಮಾಸ್ಕ್ ಕಟ್ಟದೆ ನಾನು ಮನೆಗೆ ಕಳಿಸುವುದಿಲ್ಲ. ನೀವೂ ಎಲ್ಲಿಯೇ ಯಂತ್ರ ತೆಗೆದುಕೊಂಡರೂ ಹೀಗೆಯೇ ಕೇಳಿ ಮಾಡಿಸಿಕೊಳ್ಳಬೇಕು.

ರೂಢಿ ಮಾಡಿಕೊಳ್ಳುವ ಬಗೆ

ಮೊದಲ ದಿನ ರಾತ್ರಿಯೇ ಹಚ್ಚಿಕೊಂಡು ಬೆಳಗಿನವರೆಗೆ ಮಲಗಿದವರೂ ಇದ್ದಾರೆ. ಆಗದವರು ನಿರಾಶರಾಗಬೇಕಿಲ್ಲ. ಹಗಲು ಹೊತ್ತಿನಲ್ಲಿ, ಮನೆಯವರು ಓಡಾಡುತ್ತಿರುವಾಗ, ಕುರ್ಚಿಯಲ್ಲಿ ಕುಳಿತು ಮಾಸ್ಕನ್ನು ಪಟ್ಟಿ ಕಟ್ಟದೆ ಬರಿಯ ಕೈಯಲ್ಲಿ ಮುಖಕ್ಕೆ ಹಿಡಿದುಕೊಳ್ಳಿ. ಬೇಡವೆನಿಸಿದಾಗ ಕೈ ತೆಗೆದರಾಯಿತು ಎಂಬ ಧೈರ್ಯ ಬರಲಿ. ಆಮೇಲೆ ಯಂತ್ರ ಚಾಲೂ ಮಾಡಿ, ಪಟ್ಟಿ ಕಟ್ಟಿ, ಟಿವಿ ನೋಡುತ್ತಲೋ ರೇಡಿಯೋ ಕೇಳುತ್ತಲೋ ಹದಿನೈದು ನಿಮಿಷ, ಅರ್ಧ ತಾಸು ಕುಳಿತುಕೊಳ್ಳಿ. ಬಾಯಿ ಮುಚ್ಚಿ ಮೂಗಿನಿಂದ ನಿಧಾನವಾಗಿ ಉಸಿರಾಡಿ. ಗಾಳಿಯ ವಿರುದ್ಧ ಉಸಿರು ಬಿಡುವುದು ಮೊದಲಿಗೆ ವಿಚಿತ್ರವೆನಿಸುತ್ತದೆ, ಎದುರುಗಾಳಿಯಲ್ಲಿ ಸೈಕಲ್ ಮೇಲೆ ಹೋಗುವಾಗ ಅನಿಸುವಂತೆ. ಎರಡು-ಮೂರು ದಿನ ಹೀಗೆ ಮಾಡಿ ಮಧ್ಯಾಹ್ನದ ನಿದ್ರೆಗೆ ಹಚ್ಚಿಕೊಳ್ಳಿ, ನಂತರ ರಾತ್ರಿಗೆ.

ಹೆಚ್ಚಿನ ಯಂತ್ರಗಳಲ್ಲಿ ರ‍್ಯಾಂಪ್ ಎಂಬ ಸೌಲಭ್ಯ ಇರುತ್ತದೆ. ಅದನ್ನು ಒತ್ತಿದರೆ ಗಾಳಿ ಕಡಿಮೆ ಒತ್ತಡದಿಂದ ಶುರುವಾಗಿ, ನಿಮಗೆ ನಿದ್ರೆ ಹತ್ತುವ ಹೊತ್ತಿಗೆ ಡಾಕ್ಟರು ಬರೆದ ಮಟ್ಟಕ್ಕೆ ಏರುತ್ತದೆ. ಆದರೆ ಆ ಮಟ್ಟವನ್ನು ನೀವೇ ಹೆಚ್ಚು-ಕಡಿಮೆ ಮಾಡಬಾರದು.

ನಡುರಾತ್ರಿ ಎಚ್ಚರವಾಗಿ ಸಾಕೆನಿಸಿದರೆ ಮಾಸ್ಕ್ ತೆಗೆದು ನೀರು ಕುಡಿದು ಹತ್ತು ನಿಮಿಷ ಕುಳಿತು ಮತ್ತೆ ಹಾಕಿಕೊಳ್ಳಿ. "ನಾಲ್ಕು ತಾಸು ಆತಲ್ಲ, ಸಾಕು" ಎಂದು ಬದಿಗಿಡುವವರು ಬಹಳ. ನಾಲ್ಕು ತಾಸು ಎಂಬುದು ಬಳಕೆಯ ಲೆಕ್ಕ ಹಿಡಿಯುವವರು ಇಟ್ಟುಕೊಂಡ ಕನಿಷ್ಠ ಗೆರೆ, ಗುರಿಯಲ್ಲ. ಕನಸು ಬೀಳುವ ನಿದ್ರೆ ಬೆಳಗಿನ ಜಾವಕ್ಕೆ ಹೆಚ್ಚು ಇರುತ್ತದೆ. ಅನೇಕರಿಗೆ ಉಸಿರು ಹೆಚ್ಚು ಹೊತ್ತು ಕಟ್ಟುವುದು ಆ ನಿದ್ರೆಯಲ್ಲಿಯೇ. ಮೂರು ಗಂಟೆಗೆ ಮಾಸ್ಕ್ ತೆಗೆದಿಟ್ಟವರು ಕೆಟ್ಟ ಹೊತ್ತನ್ನೇ ಯಂತ್ರವಿಲ್ಲದೆ ಕಳೆದಂತಾಗುತ್ತದೆ.

ಮಾಸ್ಕ್ ಬಗ್ಗೆ ಸ್ವಲ್ಪ ವಿವರ

ಮೂಗಿಗೆ ಮಾತ್ರ ಕೂರುವ ಮಾಸ್ಕ್, ಮೂಗಿನ ಹೊಳ್ಳೆಯ ಕೆಳಗೆ ಕೂರುವ ಚಿಕ್ಕ ಮಾಸ್ಕ್, ಮೂಗು-ಬಾಯಿ ಎರಡನ್ನೂ ಮುಚ್ಚುವ ಮಾಸ್ಕ್ ಹೀಗೆ ಮೂರು ಬಗೆ. ಬಾಯಿ ತೆರೆದು ಮಲಗುವವರಿಗೆ ಮೂಗಿನ ಮಾಸ್ಕ್ ಹಾಕಿದರೆ ಗಾಳಿ ಬಾಯಿಯಿಂದ ಹೊರಬಿದ್ದು ನಾಲಿಗೆ ಒಣಗುತ್ತದೆ. ಅವರಿಗೆ ಗದ್ದಕ್ಕೆ ಪಟ್ಟಿ ಅಥವಾ ಬೇರೆ ಬಗೆಯ ಮಾಸ್ಕ್ ಬೇಕಾಗಬಹುದು.

ಕಟ್ಟುವ ಕ್ರಮ ಹೀಗೆ. ನೀವು ದಿನವೂ ಮಲಗುವ ಭಂಗಿಯಲ್ಲಿ ಮಲಗಿ. ಗಾಳಿ ಚಾಲೂ ಮಾಡಿ. ಪಟ್ಟಿಗಳನ್ನು ಎರಡೂ ಕಡೆ ಸಮನಾಗಿ ಎಳೆಯಿರಿ. ಪಟ್ಟಿಯ ಅಡಿ ಎರಡು ಬೆರಳು ಹೋಗುವಷ್ಟು ಸಡಿಲ ಇರಲಿ. ಸೋರುತ್ತಿದ್ದರೆ ಮೊದಲು ಬಿಗಿ ಮಾಡಬೇಡಿ. ಮಾಸ್ಕನ್ನು ಒಮ್ಮೆ ಮುಖದಿಂದ ಎತ್ತಿ ಮತ್ತೆ ಕೂರಿಸಿ, ಮೆತ್ತೆಯ ಒಳಗೆ ಗಾಳಿ ತುಂಬಿ ತಾನೇ ಹೊಂದಿಕೊಳ್ಳುತ್ತದೆ. ಬಿಗಿದಷ್ಟೂ ಮೆತ್ತೆ ಮಡಚಿಕೊಂಡು ಸೋರಿಕೆ ಹೆಚ್ಚುತ್ತದೆ, ಮೂಗಿನ ಮೇಲೆ ಹುಣ್ಣೂ ಆಗುತ್ತದೆ. ಮಾಸ್ಕಿನ ಮುಂದೆ ಸಣ್ಣ ರಂಧ್ರಗಳಿಂದ ಸುಯ್ ಎಂದು ಗಾಳಿ ಬರುವುದು ಸೋರಿಕೆಯಲ್ಲ. ನೀವು ಬಿಟ್ಟ ಉಸಿರು ಹೊರಹೋಗುವ ದಾರಿ ಅದು. ಒಬ್ಬರು ಅದಕ್ಕೆ ಪ್ಲಾಸ್ಟರ್ ಹಚ್ಚಿಕೊಂಡು ಬಂದಿದ್ದರು. ಎಂದಿಗೂ ಮುಚ್ಚಬಾರದು.

ಕಂಪನಿಯ ಪುಸ್ತಕದಲ್ಲಿ ಬರೆಯದ ಕೆಲವು ಮಾತುಗಳಿವೆ. ಹೆಣ್ಣುಮಕ್ಕಳು ತುರುಬು ಕಟ್ಟಿಕೊಂಡು ಮಲಗಿದರೆ ಹಿಂದಿನ ಪಟ್ಟಿ ಮೇಲಕ್ಕೆ ಜಾರುತ್ತದೆ. ಸಡಿಲವಾಗಿ ಜಡೆ ಹೆಣೆದು ಒಂದು ಬದಿಗೆ ಹಾಕಿಕೊಳ್ಳಿ. ಮೂಗುತಿ, ನತ್ತು ಮಾಸ್ಕಿನ ಅಂಚಿಗೆ ಸಿಕ್ಕಿ ಒತ್ತುತ್ತವೆ. ರಾತ್ರಿ ತೆಗೆದಿಡಲು ಮನಸ್ಸು ಒಪ್ಪದ ತಾಯಂದಿರು ನಮಗೆ ಹೇಳಿ, ಮೂಗುತಿಗೆ ತಾಗದ ಮಾಸ್ಕ್ ಹುಡುಕೋಣ. ಮುಖಕ್ಕೆ ಕೊಬ್ಬರಿ ಎಣ್ಣೆ, ವ್ಯಾಸಲೀನ್ ಹಚ್ಚಿ ಮಾಸ್ಕ್ ಹಾಕಿದರೆ ಜಾರುತ್ತದೆ, ಮೆತ್ತೆಯೂ ಬೇಗ ಹಾಳಾಗುತ್ತದೆ. ಹಣೆಗೆ ಆನಿಸುವ ಮಾಸ್ಕ್ ಇದ್ದವರು ವಿಭೂತಿ, ಕುಂಕುಮ ಒರೆಸಿ, ಮುಖ ತೊಳೆದು ಒರೆಸಿಕೊಂಡು ಹಾಕಿಕೊಳ್ಳಿ. ದಪ್ಪ ಮೀಸೆ, ಗಡ್ಡ ಇದ್ದವರಿಗೆ ಹೊಳ್ಳೆಯ ಕೆಳಗಿನ ಮಾಸ್ಕ್ ಹೊಂದಬಹುದು. ಹಲ್ಲಿನ ಸೆಟ್ಟು ತೆಗೆದಿಟ್ಟು ಮಲಗುವ ಅಜ್ಜ-ಅಜ್ಜಿಯರು ಅಳತೆ ನೋಡುವಾಗಲೂ ಸೆಟ್ಟು ತೆಗೆದಿರಬೇಕು. ಸೆಟ್ಟು ಇಲ್ಲದಾಗ ತುಟಿ-ಕೆನ್ನೆ ಒಳಸೇರಿ ಮುಖದ ಅಳತೆಯೇ ಬೇರೆಯಾಗುತ್ತದೆ.

ಕೆಲವು ಮಾಸ್ಕುಗಳ ಪಟ್ಟಿಯ ಕೊಂಡಿಯಲ್ಲಿ ಅಯಸ್ಕಾಂತ ಇರುತ್ತದೆ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು, ತಲೆಯೊಳಗೆ ಲೋಹದ ಕ್ಲಿಪ್ ಅಥವಾ ಶಂಟ್ ಇರುವವರು ಅಯಸ್ಕಾಂತವಿಲ್ಲದ ಮಾಸ್ಕನ್ನೇ ಕೇಳಿ ತೆಗೆದುಕೊಳ್ಳಬೇಕು. ಇವರೊಂದಿಗೆ ಒಂದೇ ಹಾಸಿಗೆಯಲ್ಲಿ ಮಲಗುವವರು ಬಳಸುವ ಮಾಸ್ಕಿಗೂ ಈ ಮಾತು ಅನ್ವಯಿಸುತ್ತದೆ.

ಮೂಗು, ಹೊಟ್ಟೆ, ಕರೆಂಟು

ಮೂಗು ಒಣಗಿ ಉರಿಯುವುದು, ಕಟ್ಟುವುದು ಸಾಮಾನ್ಯ. ಗಾಳಿಗೆ ತೇವ ಕೊಡುವ ನೀರಿನ ಡಬ್ಬಿ ಇದ್ದರೆ ಅದನ್ನು ಬಳಸಿ. ಮಲಗುವ ಮುನ್ನ ಸಲೈನ್ ಹನಿ ಅಥವಾ ಸ್ಪ್ರೇ ಹಾಕಿಕೊಳ್ಳಬಹುದು. ಆದರೆ ಮೂಗು ಬಿಡಿಸುವ ಔಷಧಿ ಹನಿಗಳನ್ನು ಅಂಗಡಿಯಿಂದ ತಂದು ಮೂರ್ನಾಲ್ಕು ದಿನಕ್ಕಿಂತ ಹೆಚ್ಚು ಹಾಕಿದರೆ ಮೂಗು ಮೊದಲಿಗಿಂತ ಹೆಚ್ಚು ಕಟ್ಟುತ್ತದೆ. ಚಳಿಗಾಲದಲ್ಲಿ ತೇವದ ಗಾಳಿ ಕೊಳವೆಯಲ್ಲಿ ತಣ್ಣಗಾಗಿ ನೀರು ಕಟ್ಟಿ ಗುಳುಗುಳು ಎನ್ನುತ್ತದೆ. ತೇವದ ಮಟ್ಟ ಇಳಿಸಿ, ಕೊಳವೆಯನ್ನು ಹೊದಿಕೆಯ ಒಳಗೆ ತೆಗೆದುಕೊಳ್ಳಿ. ಯಂತ್ರವನ್ನು ಮಂಚಕ್ಕಿಂತ ತಗ್ಗಾದ ಸ್ಟೂಲಿನ ಮೇಲೆ ಇಡಿ. ನೆಲದ ಮೇಲೆ ಬೇಡ, ಧೂಳು ಎಳೆಯುತ್ತದೆ.

ಬೆಳಿಗ್ಗೆ ಹೊಟ್ಟೆ ಉಬ್ಬರಿಸಿ ತೇಗು ಬರುತ್ತಿದ್ದರೆ ರಾತ್ರಿ ಗಾಳಿ ನುಂಗಿದ್ದೀರಿ. ಬೇಗ ಉಣ್ಣುವುದು, ತಲೆಯ ಕಡೆ ಸ್ವಲ್ಪ ಎತ್ತರ ಮಾಡಿ ಮಗ್ಗುಲಾಗಿ ಮಲಗುವುದು ಸಹಾಯಕ. ಕಡಿಮೆಯಾಗದಿದ್ದರೆ ಬನ್ನಿ, ಒತ್ತಡ ಹೊಂದಿಸುವ ವಿಷಯ ಡಾಕ್ಟರು ನೋಡುತ್ತಾರೆ.

ಕರೆಂಟು ಹೋದರೆ ಉಸಿರು ಕಟ್ಟಿ ಸತ್ತೇಹೋಗುತ್ತೇವೆಂಬ ಭಯ ಹಳ್ಳಿಗಳಿಂದ ಬರುವವರಲ್ಲಿ ಹೆಚ್ಚು. ಹಾಗಾಗುವುದಿಲ್ಲ. ಮೂಗಿನ ಮಾಸ್ಕ್ ಆದರೆ ಬಾಯಿಯಿಂದ ಉಸಿರಾಡಬಹುದು. ಮೂಗು-ಬಾಯಿ ಮುಚ್ಚುವ ಮಾಸ್ಕಿನಲ್ಲಿ ಗಾಳಿ ನಿಂತೊಡನೆ ತೆರೆಯುವ ಸಣ್ಣ ಕವಾಟವಿದೆ. ಗಾಳಿ ನಿಂತಾಗ ಹೆಚ್ಚಿನವರಿಗೆ ಎಚ್ಚರವಾಗುತ್ತದೆ, ಮಾಸ್ಕ್ ತೆಗೆದು ಮಗ್ಗುಲಾಗಿ ಮಲಗಿರಿ. ಒಂದು ರಾತ್ರಿ ತಪ್ಪಿದ್ದಕ್ಕೆ ವಾರವೆಲ್ಲ ಬಿಡಬೇಡಿ. ಆದರೆ ಪಾರ್ಶ್ವವಾಯು ಆದವರು, ತೀರಾ ನಿಶ್ಶಕ್ತರು, ಭ್ರಮೆ ಇರುವ ವೃದ್ಧರು, ಅಂದರೆ ತಮ್ಮ ಕೈಯಿಂದ ಮಾಸ್ಕ್ ತೆಗೆಯಲಾರದವರ ಹತ್ತಿರ ಒಬ್ಬರು ಮಲಗಲೇಬೇಕು. ಅಂಥವರಿಗೆ ಮೂಗು-ಬಾಯಿ ಮುಚ್ಚುವ ಮಾಸ್ಕ್ ಡಾಕ್ಟರು ಹೇಳಿದರೆ ಮಾತ್ರ. ಯಾರಿಗೇ ವಾಂತಿ ಬಂದರೂ ಮೊದಲು ಮಾಸ್ಕ್ ತೆಗೆಯಿರಿ.

ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದರ ಮೇಲೆ ಯಂತ್ರ ನಡೆಯುತ್ತದೆಯೇ ಎಂದು ಕೊಳ್ಳುವಾಗಲೇ ಕೇಳಿಕೊಳ್ಳಿ. ಹೆಚ್ಚು ಕರೆಂಟು ತಿನ್ನುವುದು ನೀರು ಕಾಯಿಸುವ ಭಾಗ. ಬ್ಯಾಟರಿಯ ಮೇಲೆ ನಡೆಸುವಾಗ ಅದನ್ನು ಬಂದ್ ಮಾಡಿದರೆ ಬಹಳ ಹೊತ್ತು ಬರುತ್ತದೆ.

ಸ್ವಚ್ಛತೆ

ನೀರಿನ ಡಬ್ಬಿಗೆ ಬೋರ್‌ವೆಲ್ ನೀರು ಹಾಕಿದರೆ ನಮ್ಮ ಭಾಗದಲ್ಲಿ ಕೆಲವೇ ವಾರಗಳಲ್ಲಿ ಬಿಳಿ ಗಟ್ಟಿ ಪದರ ಕಟ್ಟುತ್ತದೆ. ಔಷಧಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್ ಬಳಸಿ. ಬ್ಯಾಟರಿಗೆ ಹಾಕುವ ನೀರು ಬೇಡ. ಸಿಗದ ದಿನ ಕುದಿಸಿ ಆರಿಸಿದ ನೀರು ನಡೆದೀತು. ಬೆಳಿಗ್ಗೆ ಉಳಿದ ನೀರನ್ನು ಚೆಲ್ಲಿ ಡಬ್ಬಿ ಒಣಗಿಸಿ. ಮಾಸ್ಕಿನ ಮೆತ್ತೆಯನ್ನು ದಿನವೂ ಸೌಮ್ಯ ಸೋಪಿನ ನೀರಿನಲ್ಲಿ ತೊಳೆದು ಒರೆಸಿ. ಕೊಳವೆ ಮತ್ತು ಪಟ್ಟಿಗಳನ್ನು ವಾರಕ್ಕೊಮ್ಮೆ ತೊಳೆದು ನೆರಳಿನಲ್ಲಿ ಒಣಹಾಕಿ. ಕುದಿನೀರು, ಡೆಟಾಲ್, ಸ್ಪಿರಿಟ್, ಬ್ಲೀಚಿಂಗ್ ಪುಡಿ ಯಾವುದೂ ಬೇಡ. ಓಜೋನ್ ಬಿಟ್ಟು ಶುದ್ಧ ಮಾಡುವ ಪೆಟ್ಟಿಗೆ ಎಂದು ಮಾರುತ್ತಾರೆ, ಅದರ ಅಗತ್ಯವಿಲ್ಲ. ಯಂತ್ರದ ಹಿಂದಿನ ಫಿಲ್ಟರು ಕಪ್ಪಾದರೆ ಬದಲಿಸಿ. ಸುಗ್ಗಿಯ ದಿನಗಳಲ್ಲಿ ಬೇಗ ಕಪ್ಪಾಗುತ್ತದೆ.

ಯಂತ್ರ ಎಳೆದುಕೊಳ್ಳುವುದು ಕೋಣೆಯ ಗಾಳಿಯನ್ನೇ ಎಂಬುದು ನೆನಪಿರಲಿ. ಪಕ್ಕದಲ್ಲಿ ಸೊಳ್ಳೆಬತ್ತಿ, ಊದಿನಕಡ್ಡಿ, ಲೋಬಾನ ಹಚ್ಚಿದರೆ ರಾತ್ರಿಯೆಲ್ಲ ಆ ಹೊಗೆ ನೇರವಾಗಿ ಮೂಗಿಗೆ ಹೋಗುತ್ತದೆ. ಸೊಳ್ಳೆಗೆ ಪರದೆ ಕಟ್ಟಿಕೊಳ್ಳಿ.

ಕೊಳ್ಳುವ ಮುನ್ನ

ಇದು ಹತ್ತಾರು ಸಾವಿರ ರೂಪಾಯಿಯ ಮಾತು. ಒಮ್ಮೆಲೇ ಸಾಲ ಮಾಡಿ ಕೊಳ್ಳುವುದಕ್ಕಿಂತ ಒಂದು ತಿಂಗಳು ಬಾಡಿಗೆಗೆ ಸಿಕ್ಕರೆ ಬಳಸಿ ನೋಡುವುದು ಒಳ್ಳೆಯದು. ಮಾಸ್ಕ್ ಹೊಂದದಿದ್ದರೆ ಬದಲಿಸಿ ಕೊಡುವರೇ ಎಂದು ಮೊದಲೇ ಬರೆಸಿಕೊಳ್ಳಿ. ಯಂತ್ರ ಎಷ್ಟೇ ಒಳ್ಳೆಯದಿರಲಿ, ಮಾಸ್ಕ್ ಸರಿಯಿಲ್ಲದಿದ್ದರೆ ಹಣ ನೀರಿಗೆ ಹಾಕಿದಂತೆ. ಕೈಗೆ ಬಂದ ಹಳೆಯ ಯಂತ್ರದ ವಿಷಯದಲ್ಲಿ ಎಚ್ಚರವಿರಲಿ. ಒಳಗಿನ ಸಪ್ಪಳ ತಡೆಯುವ ಫೋಮ್ ಪುಡಿಯಾಗಿ ಗಾಳಿಯಲ್ಲಿ ಸೇರುವ ಸಾಧ್ಯತೆ ಕಂಡುಬಂದದ್ದರಿಂದ ಫಿಲಿಪ್ಸ್ ಕಂಪನಿ 2021ರ ಜೂನ್‌ನಲ್ಲಿ ತನ್ನ ಅನೇಕ ಮಾದರಿಯ ಯಂತ್ರಗಳನ್ನು ಹಿಂಪಡೆಯುವುದಾಗಿ ಪ್ರಕಟಿಸಿತು. ಹಳೆಯದನ್ನು ಕೊಳ್ಳುವವರು ಮಾದರಿ ಮತ್ತು ನಂಬರನ್ನು ತೋರಿಸಿ ವಿಚಾರಿಸಿಕೊಳ್ಳಬೇಕು. ತೀರಿಕೊಂಡ ಅಥವಾ ಬಿಟ್ಟ ಬಂಧುಗಳ ಯಂತ್ರವನ್ನು ಅದೇ ಒತ್ತಡದಲ್ಲಿ ಹಚ್ಚಿಕೊಳ್ಳುವುದು ಬೇರೆಯವರ ಚಷ್ಮಾ ಹಾಕಿಕೊಂಡಂತೆ. ಕೆಲವರಿಗೆ ಸಿಪ್ಯಾಪ್ ಸಾಲದೆ ಬೈಪ್ಯಾಪ್ ಬೇಕಾಗುತ್ತದೆ. ಅದನ್ನು ಪರೀಕ್ಷೆಯಿಂದಲೇ ತಿಳಿಯಬೇಕು.

ಜೊತೆಗೆ ಇರುವವರಿಗೆ

ಆ ಕಿರಾಣಿ ಅಂಗಡಿಯವರ ಮನೆಯವರು ತಿಂಗಳ ಮೇಲೆ ಮತ್ತೆ ಬಂದಿದ್ದರು. ಯಜಮಾನರು ಈಗ ಪೂರ್ತಿ ರಾತ್ರಿ ಯಂತ್ರ ಹಚ್ಚಿಕೊಂಡು ಮಲಗುತ್ತಿದ್ದರು. "ತಂಗಿ, ಇಷ್ಟು ವರ್ಷ ಗೊರಕಿ ಸಪ್ಪಳಕ್ಕ ನಿದ್ದಿ ಬರ್ತಿರಲಿಲ್ಲ. ಈಗ ಸಪ್ಪಳ ಇಲ್ಲಂತ ನಿದ್ದಿ ಬರವಲ್ದು. ನಡುರಾತ್ರಿ ಎದ್ದು ಎದಿ ಮ್ಯಾಲ ಕೈ ಇಟ್ಟು ನೋಡ್ತೀನಿ" ಎಂದರು. ಹನ್ನೆರಡು ವರ್ಷ ಅವರು ಗಂಡನ ಉಸಿರು ನಿಂತಾಗೆಲ್ಲ ಭುಜ ತಟ್ಟಿ ಎಬ್ಬಿಸುತ್ತಿದ್ದರು. ಅವರ ಬಿಪಿ ನೋಡಿದರೆ ಅದೂ ಹೆಚ್ಚಿತ್ತು. ಅವರಿಗೂ ಒಂದು ಚೀಟಿ ಮಾಡಿಸಿ ಡಾಕ್ಟರ ಹತ್ತಿರ ಕಳಿಸಿದೆ. ಮನೆಯವರ ನಿದ್ರೆ ಸರಿಹೋಗಲು ರೋಗಿಗಿಂತ ಹೆಚ್ಚು ದಿನ ಬೇಕಾಗಬಹುದು.

ಜೊತೆಗಿರುವವರು ಮಾಡಬಹುದಾದ ಕೆಲಸ ಬಹಳವಿದೆ. ನಿದ್ರೆಯಲ್ಲಿ ತಿಳಿಯದೆ ಮಾಸ್ಕ್ ಕಿತ್ತು ಹಾಕಿದ್ದರೆ ಮೆಲ್ಲಗೆ ಎಬ್ಬಿಸಿ ಮತ್ತೆ ಹಾಕಿಸಿ. ಬೈದರೆ ಮಾರನೆಯ ರಾತ್ರಿ ಅವರು ಹಾಕಿಕೊಳ್ಳುವುದೇ ಇಲ್ಲ. ಮಕ್ಕಳು, ಮೊಮ್ಮಕ್ಕಳು "ಆನೆ ಸೊಂಡಿಲು" ಎಂದು ನಗುತ್ತಾರೆ. ಕೆಲವು ಹಿರಿಯರು ಅದನ್ನು ನಕ್ಕು ಬಿಡುತ್ತಾರೆ, ಕೆಲವರು ಮನಸ್ಸಿಗೆ ಹಚ್ಚಿಕೊಳ್ಳುತ್ತಾರೆ. ಹೊಸದಾಗಿ ಮದುವೆಯಾದ ಹುಡುಗರು ಹೆಂಡತಿಯ ಮುಂದೆ ಹಾಕಿಕೊಳ್ಳಲು ನಾಚಿ ತಿಂಗಳುಗಟ್ಟಲೆ ಬಿಟ್ಟಿರುವುದುಂಟು. ಇಂಥವರನ್ನು ಇಬ್ಬರನ್ನೂ ಕೂರಿಸಿ ಹೇಳಿದರೆ ಕೆಲಸ ಸುಲಭ. ಮದುವೆ, ಜಾತ್ರೆಗೆ ಊರಿಗೆ ಹೋಗುವಾಗಲೂ ಯಂತ್ರ ಜೊತೆಗೆ ಹೋಗಬೇಕು.

ಹಗಲು ತೂಕಡಿಕೆ ಪೂರ್ತಿ ಹೋಗುವವರೆಗೆ ರೋಗಿಯ ಕೈಗೆ ಗಾಡಿಯ ಕೀಲಿ ಕೊಡಬೇಡಿ. ಟ್ರ್ಯಾಕ್ಟರ್ ಆದರೂ ಅಷ್ಟೇ. "ನಾ ಇಪ್ಪತ್ತು ವರ್ಷದಿಂದ ಹೊಡ್ಯಾತೇನಿ" ಎಂಬ ಮಾತಿಗೆ ಒಪ್ಪಬೇಡಿ. ಮದ್ಯ ಮತ್ತು ನಿದ್ರೆಯ ಗುಳಿಗೆ ಗಂಟಲಿನ ಸ್ನಾಯುಗಳನ್ನು ಇನ್ನೂ ಸಡಿಲ ಮಾಡುತ್ತವೆ. ಡಾಕ್ಟರನ್ನು ಕೇಳದೆ ನಿದ್ರೆ ಗುಳಿಗೆ ಕೊಡಬೇಡಿ. ಯಂತ್ರ ಹಚ್ಚಿದರೆಂದು ಬಿಪಿ, ಸಕ್ಕರೆ ಗುಳಿಗೆಗಳನ್ನು ನಿಲ್ಲಿಸಬೇಡಿ. ಬಿಪಿ ಇಳಿದರೂ ಸ್ವಲ್ಪವೇ ಇಳಿಯುತ್ತದೆ. ತೂಕ ಇಳಿಸಿದವರಿಗೆ ತೊಂದರೆ ಕಡಿಮೆಯಾಗುವುದು ನಿಜ. ಆದರೆ ಯಂತ್ರ ಬಿಡಬಹುದೇ ಎಂಬುದನ್ನು ಮತ್ತೊಮ್ಮೆ ನಿದ್ರೆಯ ಪರೀಕ್ಷೆ ಮಾಡಿಯೇ ಹೇಳಬೇಕು. ಯಾವುದೇ ಆಪರೇಶನ್ ಇದ್ದರೆ ಅರಿವಳಿಕೆ ಕೊಡುವ ಡಾಕ್ಟರಿಗೆ ಈ ತೊಂದರೆ ಇದೆಯೆಂದು ಮುಂಚೆಯೇ ಹೇಳಿ, ಯಂತ್ರವನ್ನೂ ಆಸ್ಪತ್ರೆಗೆ ತನ್ನಿ.

ಮೂಗಿನಿಂದ ರಕ್ತ ನಿಲ್ಲದೆ ಬರುವುದು, ಕಿವಿ ನೋವು, ಜ್ವರದೊಂದಿಗೆ ಹಣೆ-ಕೆನ್ನೆ ನೋವು, ಮಾಸ್ಕ್ ಹಾಕಿದಲ್ಲಿ ಹುಣ್ಣು ಆದರೆ ಯಂತ್ರ ನಿಲ್ಲಿಸಿ ಅಂದೇ ತೋರಿಸಿ. ಇವಾವುದೂ ಇಲ್ಲದಿದ್ದರೂ ಮೊದಲ ವಾರದ ಕೊನೆಗೆ ಒಮ್ಮೆ, ತಿಂಗಳಿಗೆ ಒಮ್ಮೆ ಬರಬೇಕು. ಬರುವಾಗ ಯಂತ್ರ, ಮಾಸ್ಕ್, ಕೊಳವೆ, ಕರೆಂಟಿನ ವೈರು, ಡಾಕ್ಟರ ಚೀಟಿ, ಮತ್ತು ರಾತ್ರಿ ಅದೇ ಕೋಣೆಯಲ್ಲಿ ಮಲಗುವವರು ಒಬ್ಬರು, ಇಷ್ಟು ಜೊತೆಗಿರಲಿ. ಬಸ್ಸು ಹತ್ತುವ ಮುನ್ನ ಡಬ್ಬಿಯ ನೀರನ್ನು ತಪ್ಪದೆ ಚೆಲ್ಲಿ ಬನ್ನಿ. ದಾರಿಯಲ್ಲಿ ಅಲುಗಾಡಿ ನೀರು ಮೋಟರಿಗೆ ಇಳಿದ ಯಂತ್ರಗಳು ನಮ್ಮಲ್ಲಿಗ ಬಂದಿವೆ.